ಪಾಠ 12: ಏಳು ದಿನದ ಔಷಧ, ಏಳೂ ದಿನ



ಕಳೆದ ಪಾಠದಲ್ಲಿ ನಾವು ಸಂತೆಯ ಲೆಕ್ಕ ಕಲಿತೆವು. ಈ ಪಾಠದಲ್ಲಿ ಔಷಧದ ಲೆಕ್ಕ ಕಲಿಯೋಣ. ಸಂತೆಯಲ್ಲಿ ಲೆಕ್ಕ ತಪ್ಪಿದರೆ ದುಡ್ಡು ಹೋಗುತ್ತದೆ. ಔಷಧದಲ್ಲಿ ಲೆಕ್ಕ ತಪ್ಪಿದರೆ ಏನು ಹೋಗುತ್ತದೆ? ಮೊದಲು ಒಂದು ಕಥೆ ಓದೋಣ.

ಇದು ಕಟ್ಟಿದ ಕಥೆ ಅಲ್ಲ. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಾಯಿಯ ಮನೆಯಲ್ಲಿ ನಡೆದದ್ದು. "ನನ್ನ ಹೆಸರು ಹಾಕಬೇಡಿ ಟೀಚರಮ್ಮ. ಕಥೆ ಮಾತ್ರ ಬರೀರಿ. ಇನ್ನೊಬ್ಬರ ಮಗೀಗೆ ಹಂಗಾಗಬಾರದು" ಅಂದರು ಆ ತಾಯಿ. ಅದಕ್ಕೇ ಬರೆದಿದ್ದೇವೆ.

ಮೂಗಿನ ಕೆಳಗೆ ಒಂದು ಗುಳ್ಳೆ

ಆ ತಾಯಿಗೆ ಇಬ್ಬರು ಮಕ್ಕಳು. ದೊಡ್ಡವಳು ಐದನೇ ಕ್ಲಾಸು. ಚಿಕ್ಕವನಿಗೆ ನಾಲ್ಕು ವರ್ಷ. ಮನೆಯಲ್ಲಿ ಅತ್ತೆ ಇದ್ದಾರೆ. ತಾಯಿ ಕೂಲಿಗೆ ಹೋಗುತ್ತಾರೆ.

ಮಳೆಗಾಲದ ದಿನ. ಚಿಕ್ಕವನಿಗೆ ನೆಗಡಿ. ಮೂಗು ಒರೆಸಿ ಒರೆಸಿ ಮೂಗಿನ ಕೆಳಗೆ ಚರ್ಮ ಸುಲಿದಿತ್ತು. ಅಲ್ಲಿ ಒಂದು ಸಣ್ಣ ಗುಳ್ಳೆ ಎದ್ದಿತು. ಗುಳ್ಳೆ ಒಡೆಯಿತು. ಹಳದಿ ನೀರು ಸೋರಿತು. ಆ ನೀರು ಒಣಗಿ ಹಕ್ಕಳೆ ಕಟ್ಟಿತು. ಬೆಲ್ಲದ ಪಾಕ ಚೆಲ್ಲಿ ಒಣಗಿದರೆ ಹೇಗೆ ಕಾಣುತ್ತದೆ? ಥೇಟ್ ಹಾಗೆ.

ಹುಡುಗ ಕೆರೆದುಕೊಂಡ. ಅದೇ ಉಗುರಿನಿಂದ ಕೈ ಕೆರೆದ, ಕಾಲು ಕೆರೆದ. ಮೂರು ದಿನದಲ್ಲಿ ಗಲ್ಲ, ಮೊಣಕೈ, ಮೊಣಕಾಲು, ಎಲ್ಲ ಕಡೆ ಗುಳ್ಳೆ.

ಅಜ್ಜಿ ನೋಡಿದರು. "ಅಮ್ಮ ಬಂದವ್ಳೆ ಕಣೆ. ನೀರು ಹಾಕಬೇಡ. ಬೇವಿನ ಸೊಪ್ಪು ಕಟ್ಟು" ಅಂದರು. ಸೊಸೆ ಹಾಗೇ ಮಾಡಿದಳು. ಮಗುವಿಗೆ ಸ್ನಾನ ನಿಂತಿತು. ಹಕ್ಕಳೆ ಇನ್ನೂ ದಪ್ಪವಾಯಿತು. ಅಕ್ಕ ತಮ್ಮ ಒಂದೇ ಚಾಪೆ, ಒಂದೇ ದುಪ್ಪಟಿ. ಒಂದೇ ಟವೆಲು. ವಾರದೊಳಗೆ ಅಕ್ಕನ ಗದ್ದದ ಮೇಲೂ ಗುಳ್ಳೆ ಎದ್ದಿತು.

ನಮ್ಮ ತಪ್ಪೂ ಇತ್ತು

ಆ ಹುಡುಗಿ ನಮ್ಮ ಶಾಲೆಯವಳೇ. ಅವಳ ಗದ್ದದ ಗಾಯವನ್ನು ನಾವು ನೋಡಿದ್ದೆವು. ಬಿದ್ದಿರಬೇಕು ಅಂದುಕೊಂಡೆವು. ಕೇಳಲಿಲ್ಲ.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಬಿಸಿಯೂಟಕ್ಕೆ ಮುಂಚೆ ಮಕ್ಕಳು ಸಾಲಾಗಿ ನಿಂತು ಕೈ ತೊಳೆಯುತ್ತಿದ್ದರು. ನಮಗೆ ಅದೇ ಹೆಮ್ಮೆ. ಆದರೆ ಕೈ ಒರೆಸಲು ಇಟ್ಟಿದ್ದು ಒಂದೇ ಟವೆಲು. ಎಲ್ಲರೂ ಅದರಲ್ಲೇ ಕೈ ಒರೆಸುತ್ತಿದ್ದರು, ಮುಖವನ್ನೂ ಒರೆಸುತ್ತಿದ್ದರು. ಆ ತಿಂಗಳು ಅದೇ ಕ್ಲಾಸಿನ ಇನ್ನೂ ಮೂರು ಮಕ್ಕಳಿಗೆ ಗುಳ್ಳೆ ಬಂತು. ಆಮೇಲೆ ನಮಗೆ ಬುದ್ಧಿ ಬಂತು. ಈಗ ಆ ಟವೆಲು ಇಲ್ಲ. ಮಕ್ಕಳು ಕೈ ಕೊಡವಿ ಗಾಳಿಗೆ ಒಣಗಿಸುತ್ತಾರೆ.

ಇದು ಅಮ್ಮ ಅಲ್ಲ, ಕೀವುಗುಳ್ಳೆ

ತಾಯಿ ಇಬ್ಬರನ್ನೂ ಕರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು. ಡಾಕ್ಟರು ಲೇಡಿ ಡಾಕ್ಟರು. ಮಕ್ಕಳನ್ನು ಬೆಳಕಿಗೆ ನಿಲ್ಲಿಸಿ ನೋಡಿದರು.

"ಇದು ಅಮ್ಮ ಅಲ್ಲಮ್ಮ. ಕೀವುಗುಳ್ಳೆ. ನಾವು ಇಂಪೆಟಿಗೋ ಅಂತೀವಿ. ಚರ್ಮಕ್ಕೆ ಹತ್ತೋ ರೋಗ. ಒಬ್ಬರಿಂದ ಒಬ್ಬರಿಗೆ ಅಂಟುತ್ತೆ" ಅಂದರು.

ಎರಡಕ್ಕೂ ವ್ಯತ್ಯಾಸ ಏನು? ಅಮ್ಮ ಆದಾಗ ಸಾಮಾನ್ಯವಾಗಿ ಜ್ವರ ಬರುತ್ತದೆ. ಹೊಟ್ಟೆ, ಬೆನ್ನು, ಮೈಯೆಲ್ಲ ನೀರುಗುಳ್ಳೆ ಏಳುತ್ತದೆ. ಕೀವುಗುಳ್ಳೆ ಹೆಚ್ಚಾಗಿ ಮೂಗು ಬಾಯಿಯ ಸುತ್ತ, ಕೈಕಾಲಿನ ಮೇಲೆ ಬರುತ್ತದೆ. ಜ್ವರ ಬರುವುದು ಕಡಿಮೆ. ಹಳದಿ ಹಕ್ಕಳೆ ಕಟ್ಟುತ್ತದೆ. ಆದರೂ ಯಾವುದು ಏನು ಅಂತ ನಾವೇ ತೀರ್ಮಾನ ಮಾಡುವುದು ಬೇಡ. ಡಾಕ್ಟರು ನೋಡಿ ಹೇಳಲಿ.

ಕೀವುಗುಳ್ಳೆ ಯಾರಿಗೆ ಬೇಕಾದರೂ ಬರಬಹುದು. ಎರಡರಿಂದ ಐದು ವರ್ಷದ ಮಕ್ಕಳಿಗೆ ಜಾಸ್ತಿ. ಸೆಕೆ, ಬೆವರು, ಮಳೆಯ ತೇವ ಇದ್ದಾಗ ಜಾಸ್ತಿ. ಚರ್ಮ ಸುಲಿದ ಜಾಗ, ಸೊಳ್ಳೆ ಕಚ್ಚಿದ ಜಾಗ, ತರಚಿದ ಜಾಗ, ಕಜ್ಜಿ ಕೆರೆದ ಜಾಗದಿಂದ ಕ್ರಿಮಿ ಒಳಗೆ ಹೋಗುತ್ತದೆ. ಕ್ರಿಮಿ ಎಂದರೆ ಹುಳ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಇದಕ್ಕೆ ಬ್ಯಾಕ್ಟೀರಿಯಾ ಅಂತ ಹೆಸರು.

ಯಾರ ಶಾಪವೂ ಇದಕ್ಕೆ ಕಾರಣ ಅಲ್ಲ. ಯಾರ ಕಣ್ಣೂ ತಾಗಿಲ್ಲ. ಬಡವರ ಮನೆಗೂ ಬರುತ್ತದೆ, ಸಾಹುಕಾರರ ಮನೆಗೂ ಬರುತ್ತದೆ.

ಮುಲಾಮೋ, ಮಾತ್ರೆಯೋ?

ಒಂದೆರಡು ಗುಳ್ಳೆ ಇದ್ದರೆ ಡಾಕ್ಟರು ಸಾಮಾನ್ಯವಾಗಿ ಹಚ್ಚುವ ಮುಲಾಮು ಕೊಡುತ್ತಾರೆ. ತುಂಬ ಗುಳ್ಳೆ ಇದ್ದರೆ, ಮೈಯ ಬೇರೆ ಬೇರೆ ಕಡೆ ಇದ್ದರೆ, ಒಂದೇ ಮನೆಯಲ್ಲಿ ಹಲವರಿಗೆ ಬಂದಿದ್ದರೆ ಮುಲಾಮು ಸಾಲದು. ಆಗ ಬಾಯಲ್ಲಿ ತೆಗೆದುಕೊಳ್ಳುವ ಔಷಧ ಕೊಡುತ್ತಾರೆ. ದೊಡ್ಡ ಮಕ್ಕಳಿಗೆ ಮಾತ್ರೆ ಅಥವಾ ಕ್ಯಾಪ್ಸೂಲು. ಸಣ್ಣ ಮಕ್ಕಳಿಗೆ ಸಿರಪ್ಪು.

ಈ ಔಷಧಕ್ಕೆ ಆಂಟಿಬಯಾಟಿಕ್ ಅಂತ ಹೆಸರು. ಬ್ಯಾಕ್ಟೀರಿಯಾ ಕೊಲ್ಲುವ ಔಷಧ. ಕೀವುಗುಳ್ಳೆಗೆ ಸೆಫಲೆಕ್ಸಿನ್, ಕ್ಲಾಕ್ಸಾಸಿಲಿನ್ ಇಂಥ ಔಷಧ ಕೊಡುವುದುಂಟು. ಯಾರಿಗೆ ಯಾವುದು, ಎಷ್ಟು ಅಂತ ಡಾಕ್ಟರು ಮಗುವಿನ ತೂಕ ನೋಡಿ ಹೇಳುತ್ತಾರೆ. ಹೆಚ್ಚಾಗಿ ಏಳು ದಿನಕ್ಕೆ ಬರೆಯುತ್ತಾರೆ.

"ಸೂಜಿ ಚುಚ್ಚಲ್ವಾ?" ಅಂತ ಆ ತಾಯಿ ಕೇಳಿದರು. "ಇದಕ್ಕೆ ಸೂಜಿ ಬೇಡಮ್ಮ. ಮಾತ್ರೆಯೇ ಸಾಕು. ಆದರೆ ಏಳು ದಿನ ಬಿಡದೆ ಕೊಡಬೇಕು" ಅಂದರು ಡಾಕ್ಟರು.

ಮೂರನೇ ದಿನ ನಡೆದದ್ದು

ಅಕ್ಕನಿಗೆ 21 ಕ್ಯಾಪ್ಸೂಲು ಕೊಟ್ಟರು. ತಮ್ಮನಿಗೆ ಸಿರಪ್ಪು ಕೊಟ್ಟರು. ಮೂರು ದಿನ ತಾಯಿ ಸರಿಯಾಗಿ ಕೊಟ್ಟರು. ಹಕ್ಕಳೆ ಉದುರಿತು. ಗಾಯ ಒಣಗಿತು. ಮಕ್ಕಳು ಆಡಲು ಓಡಿದರು.

"ವಾಸಿ ಆಯ್ತಲ್ಲ, ಇನ್ಯಾಕೆ? ಮಾತ್ರೆ ಜಾಸ್ತಿ ನುಂಗಿದ್ರೆ ಉಷ್ಣ" ಅಂದರು ಅಜ್ಜಿ. ತಾಯಿಗೂ ಹಾಗೇ ಅನ್ನಿಸಿತು. ಉಳಿದ ಮಾತ್ರೆ ಎಸೆಯಲು ಮನಸ್ಸು ಬರಲಿಲ್ಲ. ಮುಂದಕ್ಕೆ ಬೇಕಾದೀತು ಅಂತ ಡಬ್ಬಿಯಲ್ಲಿ ಹಾಕಿ ಮೇಲೆ ಇಟ್ಟರು.

ಎಷ್ಟು ಉಳಿದಿತ್ತು? ಲೆಕ್ಕ ಮಾಡೋಣ.

ದಿನಕ್ಕೆ 3 ಮಾತ್ರೆ. 3 ದಿನಕ್ಕೆ 9 ಮಾತ್ರೆ.
21ರಲ್ಲಿ 9 ಕಳೆದರೆ 12.

ಹನ್ನೆರಡು ಮಾತ್ರೆ ಡಬ್ಬಿಯಲ್ಲಿ ಕುಳಿತವು. ಅದೇ ವಾರ ನಾದಿನಿಯ ಮಗನಿಗೆ ನೆಗಡಿ ಆಯಿತು. ಡಬ್ಬಿಯಿಂದ ನಾಲ್ಕು ಮಾತ್ರೆ ಅವನ ಹೊಟ್ಟೆಗೆ ಹೋಯಿತು. ನೆಗಡಿ ವೈರಸ್‌ನಿಂದ ಬರುತ್ತದೆ. ವೈರಸ್ ಬೇರೆ, ಬ್ಯಾಕ್ಟೀರಿಯಾ ಬೇರೆ. ಆಂಟಿಬಯಾಟಿಕ್‌ನಿಂದ ನೆಗಡಿ ಹೋಗುವುದಿಲ್ಲ. ಆ ಹುಡುಗನಿಗೆ ಬರೀ ಭೇದಿ ಆಯಿತು.

ಹತ್ತು ದಿನ ಕಳೆಯಿತು. ಚಿಕ್ಕವನ ಮೊಣಕಾಲಲ್ಲಿ ಮತ್ತೆ ಗುಳ್ಳೆ. ತಾಯಿ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಒಂದು ದಿನ ಬೆಳಿಗ್ಗೆ ಎದ್ದಾಗ ಹುಡುಗನ ಮುಖ ಊದಿತ್ತು. ಕಣ್ಣು ಬಿಡಲು ಆಗುತ್ತಿರಲಿಲ್ಲ. ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅದೂ ಸ್ವಲ್ಪವೇ.

ಆಶಾ ಕಾರ್ಯಕರ್ತೆ 108ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಬಂತು. ಜಿಲ್ಲಾ ಆಸ್ಪತ್ರೆಗೆ ಸೇರಿಸಿದರು. ಮೂತ್ರಪಿಂಡಕ್ಕೆ, ಅಂದರೆ ಕಿಡ್ನಿಗೆ ಬಾವು ಬಂದಿದೆ ಅಂದರು. ತಾಯಿ ಎಂಟು ದಿನ ಆಸ್ಪತ್ರೆಯ ನೆಲದ ಮೇಲೆ ಮಲಗಿದರು. ಎಂಟು ದಿನದ ಕೂಲಿ ಹೋಯಿತು. ಆದರೆ ಮಗು ಉಳಿಯಿತು. ಕಿಡ್ನಿ ಸರಿ ಹೋಯಿತು. ಈಗ ಅಂಗನವಾಡಿಯಲ್ಲಿ ಆಡುತ್ತಿದ್ದಾನೆ.

ತಾಯಿ ಡಾಕ್ಟರ ಮುಂದೆ ಅತ್ತರು. "ನಾನೇ ಮಗೀಗೆ ಹಿಂಗೆ ಮಾಡ್ದೆ" ಅಂದರು.

ಡಾಕ್ಟರು ಹೇಳಿದರು: "ಅಳಬೇಡಮ್ಮ. ಕೀವುಗುಳ್ಳೆ ಬಂದ ಎಲ್ಲರಿಗೂ ಹೀಗಾಗಲ್ಲ. ಒಂದು ಜಾತಿ ಕ್ರಿಮಿಯಿಂದ ಅಪರೂಪಕ್ಕೆ ಕೆಲವು ಮಕ್ಕಳಿಗೆ ಆಗುತ್ತೆ. ಔಷಧ ಪೂರ್ತಿ ಕೊಟ್ಟಿದ್ದರೂ ಒಮ್ಮೊಮ್ಮೆ ಆಗಬಹುದಿತ್ತು. ಆದರೆ ಔಷಧ ಅರ್ಧಕ್ಕೆ ಬಿಡೋದು, ಮತ್ತೆ ಬಂದ ಗುಳ್ಳೆ ನೋಡದೆ ಇರೋದು, ಇವೆರಡು ನಮ್ಮ ಕೈಯಲ್ಲಿದೆ. ಮುಖ ಊದಿದ ದಿನವೇ ಕರೆತಂದೆಯಲ್ಲ, ಒಳ್ಳೆಯದಾಯ್ತು."

ಕೀವುಗುಳ್ಳೆ ಬಂದು ಹೋದ ಮೇಲೂ ಆರು ವಾರದವರೆಗೆ ಮಗುವಿನ ಮುಖ ಮತ್ತು ಮೂತ್ರದ ಮೇಲೆ ಕಣ್ಣಿಡಬೇಕು. ಇದನ್ನು ಮರೆಯಬೇಡಿ.

ಗರಿಕೆಯ ಬೇರು

ಗಾಯ ಒಣಗಿದ ಮೇಲೂ ಔಷಧ ಯಾಕೆ ಕೊಡಬೇಕು? ಈ ಪ್ರಶ್ನೆ ನಮ್ಮ ಕೇಂದ್ರದಲ್ಲಿ ಎದ್ದಿತು. ಉತ್ತರ ಹೇಳಿದವರು ನಾವಲ್ಲ. ಕಳೆ ಕೀಳಲು ಹೋಗುವ ಒಬ್ಬ ಅಕ್ಕ ಹೇಳಿದರು.

"ಹೊಲದಾಗೆ ಗರಿಕೆ ಇರ್ತದಲ್ಲ. ಮೇಲೆ ಮೇಲೆ ಕುಯ್ದರೆ ಹೊಲ ಚೊಕ್ಕಟ ಕಾಣ್ತದೆ. ಬೇರು ಹಂಗೇ ಇರ್ತದೆ. ಒಂದು ಮಳೆ ಬಿದ್ದರೆ ಮತ್ತೆ ಹಬ್ಬತದೆ. ಇದೂ ಹಂಗೇ ಅಲ್ವಾ?"

ಹೌದು, ಹಾಗೇ. ಮೊದಲ ಎರಡು ಮೂರು ದಿನದಲ್ಲಿ ತುಂಬ ಕ್ರಿಮಿ ಸಾಯುತ್ತದೆ. ಗಾಯ ಒಣಗುತ್ತದೆ. ಆದರೆ ಎಲ್ಲ ಸತ್ತಿರುವುದಿಲ್ಲ. ಔಷಧ ನಿಲ್ಲಿಸಿದರೆ ಉಳಿದದ್ದು ಮತ್ತೆ ಬೆಳೆಯಬಹುದು.

ಇನ್ನೊಂದು ಅಪಾಯ ಇದೆ. ಬೇಡದ ರೋಗಕ್ಕೆ ನುಂಗಿದರೆ, ಬೇಕಾದಷ್ಟು ನುಂಗದಿದ್ದರೆ, ಕ್ರಿಮಿಗಳು ಆ ಔಷಧಕ್ಕೆ ಬಗ್ಗದ ಹಾಗೆ ಆಗುತ್ತವೆ. ಮುಂದೆ ನಿಜವಾಗಿ ಬೇಕಾದಾಗ ಆ ಔಷಧ ನಾಟುವುದಿಲ್ಲ. ನಮಗೂ ನಾಟುವುದಿಲ್ಲ, ಪಕ್ಕದ ಮನೆಯವರಿಗೂ ನಾಟುವುದಿಲ್ಲ.

ಇದು ಇವತ್ತಿನ ಮಾತಲ್ಲ. ಪೆನಿಸಿಲಿನ್ ಎಂಬ ಆಂಟಿಬಯಾಟಿಕ್ ಅನ್ನು 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿ ಕಂಡುಹಿಡಿದರು. 1945ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಸಂದರ್ಭದಲ್ಲೇ ಅವರು ಎಚ್ಚರಿಕೆ ಕೊಟ್ಟರು. ಔಷಧವನ್ನು ಕಡಿಮೆ ತೆಗೆದುಕೊಂಡರೆ ಕ್ರಿಮಿ ಸಾಯುವುದಿಲ್ಲ, ಔಷಧವನ್ನೇ ಎದುರಿಸಲು ಕಲಿಯುತ್ತದೆ ಎಂದರು. ಕಂಡುಹಿಡಿದವರೇ ಹೇಳಿದ ಮಾತು ಇದು.

ಚೀಟಿ ಓದೋಣ

ಡಾಕ್ಟರ ಚೀಟಿಯಲ್ಲಿ ಇಂಗ್ಲಿಷ್ ಇರುತ್ತದೆ. ನಮಗೆ ಬರುವುದಿಲ್ಲ. ಆದರೆ ಅಂಕಿ ಬರುತ್ತದೆ. ಅಂಕಿ ಬಂದರೆ ಅರ್ಧ ಚೀಟಿ ಓದಿದ ಹಾಗೆ.

1 – 1 – 1 ಎಂದು ಬರೆದಿದ್ದರೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು.

1 – 0 – 1 ಎಂದು ಬರೆದಿದ್ದರೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

0 – 0 – 1 ಎಂದು ಬರೆದಿದ್ದರೆ: ರಾತ್ರಿ ಮಾತ್ರ ಒಂದು.

ಪಕ್ಕದಲ್ಲಿ 7 ಎಂದು ಬರೆದಿದ್ದರೆ ಏಳು ದಿನ ಇರಬಹುದು. ಅನುಮಾನ ಇದ್ದರೆ ಕೇಳಿ. ಔಷಧ ಕೊಡುವ ಕಿಟಕಿಯ ಮುಂದೆ ಈ ಐದು ಪ್ರಶ್ನೆ ಕೇಳೋಣ:

1. ದಿನಕ್ಕೆ ಎಷ್ಟು ಸಲ?
2. ಒಂದು ಸಲಕ್ಕೆ ಎಷ್ಟು?
3. ಎಷ್ಟು ದಿನ?
4. ಊಟಕ್ಕೆ ಮುಂಚೆಯೋ, ಊಟ ಆದ ಮೇಲೋ?
5. ಮತ್ತೆ ಯಾವಾಗ ತೋರಿಸಬೇಕು?

ನಾಲ್ಕನೇ ಪ್ರಶ್ನೆ ಮುಖ್ಯ. ಕೆಲವು ಮಾತ್ರೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ಕೇಳಲು ನಾಚಿಕೆ ಬೇಡ. ಹಿಂದೆ ಸಾಲು ಉದ್ದ ಇದ್ದರೂ ಕೇಳಿ. ಕೇಳುವುದು ನಮ್ಮ ಹಕ್ಕು.

ಹಿಂದೆ ಯಾವುದಾದರೂ ಮಾತ್ರೆ ನುಂಗಿದಾಗ, ಸೂಜಿ ಹಾಕಿಸಿದಾಗ ಮೈ ದದ್ದು ಎದ್ದಿತ್ತೇ? ಮುಖ ಊದಿತ್ತೇ? ಉಸಿರು ಕಟ್ಟಿತ್ತೇ? ಹಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಬಸುರಿಯರು, ಹಾಲೂಡಿಸುವವರು ಅದನ್ನೂ ಹೇಳಿ.

ಸ್ಟ್ರಿಪ್ ಓದೋಣ

ಮಾತ್ರೆಯ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿಯಿರಿ. ಹಿಂಭಾಗ ನೋಡಿ. ಉದ್ದಕ್ಕೆ ಒಂದು ಕೆಂಪು ಗೆರೆ ಇದೆಯೇ? ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ನುಂಗಬಾರದ ಔಷಧ. ಈ ಕೆಂಪು ಗೆರೆಯ ಬಗ್ಗೆ ಜನರಿಗೆ ತಿಳಿಸಲು ಕೇಂದ್ರ ಸರ್ಕಾರ 2016ರಲ್ಲಿ ಒಂದು ಆಂದೋಲನವನ್ನೇ ನಡೆಸಿತು. ಅಕ್ಷರ ಬಾರದವರೂ ಗೆರೆಯನ್ನು ಗುರುತಿಸಬಹುದು. ಅಕ್ಷರ ಕಲಿತ ನಾವು ಇನ್ನೊಬ್ಬರಿಗೆ ಹೇಳಬಹುದು.

ಔಷಧದ ಮೇಲೆ ಅವಧಿ ಬರೆದಿರುತ್ತದೆ. 03/2027 ಎಂದು ಇದ್ದರೆ 2027ನೇ ಇಸವಿ ಮೂರನೇ ತಿಂಗಳ ಕೊನೆಯವರೆಗೆ ಎಂದರ್ಥ. ಅಲ್ಲಿ ತಯಾರಿಸಿದ ತಿಂಗಳೂ ಬರೆದಿರುತ್ತದೆ. ಎರಡರಲ್ಲಿ ಮುಂದಿನ ತಾರೀಖು ಅವಧಿಯದು. ಅವಧಿ ಮುಗಿದ ಔಷಧ ಬೇಡ.

ಸಿರಪ್ಪು ಕೊಡುವುದು ಹೇಗೆ?

ಮಕ್ಕಳ ಆಂಟಿಬಯಾಟಿಕ್ ಸಿರಪ್ಪು ಹೆಚ್ಚಾಗಿ ಬಾಟಲಿಯಲ್ಲಿ ಪುಡಿಯಾಗಿ ಬರುತ್ತದೆ. ನೀರು ನಾವು ಬೆರೆಸಬೇಕು.

ನೀರನ್ನು ಕುದಿಸಿ, ಪೂರ್ತಿ ಆರಿಸಿ. ಬಾಟಲಿಯ ಮೇಲೆ ಗುರುತು ಇರುತ್ತದೆ. ಮೊದಲು ಸ್ವಲ್ಪ ನೀರು ಹಾಕಿ ಚೆನ್ನಾಗಿ ಕುಲುಕಿ. ಆಮೇಲೆ ಗುರುತಿನವರೆಗೆ ನೀರು ಹಾಕಿ ಮತ್ತೆ ಕುಲುಕಿ. ಗೊತ್ತಾಗದಿದ್ದರೆ ಔಷಧ ಕೊಡುವವರ ಹತ್ತಿರವೇ ಬೆರೆಸಿಸಿಕೊಳ್ಳಿ.

ಪ್ರತಿ ಸಲ ಕೊಡುವ ಮುಂಚೆ ಬಾಟಲಿ ಕುಲುಕಬೇಕು. ಇಲ್ಲದಿದ್ದರೆ ಔಷಧ ತಳದಲ್ಲೇ ಉಳಿಯುತ್ತದೆ. ಮೇಲಿನ ನೀರು ಮಾತ್ರ ಮಗುವಿನ ಹೊಟ್ಟೆಗೆ ಹೋಗುತ್ತದೆ.

ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳದಲ್ಲೇ ಅಳೆಯಿರಿ. ಅಡುಗೆ ಮನೆಯ ಚಮಚ ಬೇಡ. ಒಂದು ಚಮಚ ಸಣ್ಣದು, ಇನ್ನೊಂದು ದೊಡ್ಡದು.

ಬಾಟಲಿಯನ್ನು ತಂಪಾದ ಕಡೆ ಇಡಿ. ಫ್ರಿಜ್ ಇಲ್ಲದಿದ್ದರೆ ನೀರು ತುಂಬಿದ ತಟ್ಟೆಯಲ್ಲಿ ಮಣ್ಣಿನ ಕುಡಿಕೆ ಇಟ್ಟು ಅದರೊಳಗೆ ಇಡಬಹುದು. ಬಿಸಿಲು, ಒಲೆಯ ಪಕ್ಕ ಬೇಡ. ನೀರು ಬೆರೆಸಿದ ಮೇಲೆ ಎಷ್ಟು ದಿನ ಇಡಬಹುದು ಅಂತ ಕೇಳಿಕೊಳ್ಳಿ. ಆ ದಿನ ದಾಟಿದರೆ ಔಷಧ ಕೆಡುತ್ತದೆ. ಮುಂದಿನ ಸಲಕ್ಕೆ ಅಂತ ಇಡಬೇಡಿ.

ಒಂದು ಹೊತ್ತು ಮರೆತರೆ? ನೆನಪಾದ ಕೂಡಲೇ ಕೊಡಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಡಿ. ಎರಡು ಹೊತ್ತಿನದು ಸೇರಿಸಿ ಕೊಡಬೇಡಿ.

ಔಷಧ ಒಗ್ಗದಿದ್ದರೆ

ಕೆಲವು ಮಕ್ಕಳಿಗೆ ಸ್ವಲ್ಪ ಭೇದಿ, ಹೊಟ್ಟೆ ತೊಳಸುವುದು ಆಗಬಹುದು. ಸ್ವಲ್ಪ ಆದರೆ ಔಷಧ ಬಿಡಬೇಡಿ. ಓಆರ್‌ಎಸ್ ನೀರು ಕುಡಿಸಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ತುಂಬ ಭೇದಿ ಆದರೆ, ಮಲದಲ್ಲಿ ರಕ್ತ ಕಂಡರೆ ಡಾಕ್ಟರ ಹತ್ತಿರ ಹೋಗಿ.

ಮೈ ದದ್ದು ಎದ್ದರೆ ಮುಂದಿನ ಮಾತ್ರೆ ಕೊಡಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ. ತುಟಿ, ಮುಖ ಊದಿದರೆ, ಉಸಿರಾಡಲು ಕಷ್ಟವಾದರೆ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ.

ಮನೆಯಲ್ಲಿ ನಾವು ಮಾಡಬೇಕಾದದ್ದು

ಮಾತ್ರೆ ಒಳಗಿನ ಕೆಲಸ ಮಾಡುತ್ತದೆ. ಹೊರಗಿನ ಕೆಲಸ ನಮ್ಮದು.

ಮಗುವಿಗೆ ದಿನವೂ ಸ್ನಾನ ಮಾಡಿಸಿ. ಸ್ನಾನ ಬಿಡಬೇಡಿ. ಉಗುರು ಬೆಚ್ಚಗಿನ ನೀರು, ಸೋಪಿನಿಂದ ಗಾಯ ತೊಳೆಯಿರಿ. ಹಕ್ಕಳೆ ನೆನೆದು ಮೆತ್ತಗಾದ ಮೇಲೆ ತಾನೇ ಬರುತ್ತದೆ. ಒಣ ಹಕ್ಕಳೆ ಕೀಳಬೇಡಿ.

ಗಾಯ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಮಗುವಿನ ಉಗುರು ಕತ್ತರಿಸಿ. ಗಾಯದ ಮೇಲೆ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಕಟ್ಟಿ.

ಟವೆಲು, ದುಪ್ಪಟಿ, ಬಟ್ಟೆ ಬೇರೆ ಇರಲಿ. ಅವನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.

ಬೂದಿ, ಸಗಣಿ, ಸುಣ್ಣ, ಸೀಮೆಎಣ್ಣೆ ಗಾಯಕ್ಕೆ ಹಚ್ಚಬೇಡಿ. ಅಂಗಡಿಯವರು ತಾವೇ ಕೊಡುವ ಮುಲಾಮೂ ಬೇಡ. ಕೆಲವು ಮುಲಾಮಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ತಂಪು ಅನ್ನಿಸುತ್ತದೆ, ಆಮೇಲೆ ರೋಗ ಹೆಚ್ಚುತ್ತದೆ.

ನಂಜು ಅಂತ ಮೊಟ್ಟೆ, ಬದನೆಕಾಯಿ, ಕುಂಬಳಕಾಯಿ ಬಿಡಿಸುತ್ತೇವೆ. ಈ ರೋಗಕ್ಕೆ ಪಥ್ಯ ಬೇಡ. ಗಾಯ ಮಾಯಲು ಮಗುವಿಗೆ ಊಟ ಬೇಕು. ಮೊಟ್ಟೆ, ಬೇಳೆ, ಸೊಪ್ಪು, ಮನೆಯಲ್ಲಿ ಇದ್ದದ್ದನ್ನು ಹೊಟ್ಟೆ ತುಂಬ ಕೊಡಿ.

ಔಷಧ ಶುರು ಮಾಡಿದ ಮೇಲೆ ಎರಡು ದಿನ ಮಗು ಮನೆಯಲ್ಲೇ ಇರಲಿ. ಆಮೇಲೆ ಗಾಯ ಮುಚ್ಚಿ ಶಾಲೆಗೆ, ಅಂಗನವಾಡಿಗೆ ಕಳಿಸಬಹುದು. ತಿಂಗಳುಗಟ್ಟಲೆ ದೂರ ಇಡುವುದು ಬೇಡ. ಮಗುವನ್ನು ಯಾರೂ ಹೀಯಾಳಿಸಬಾರದು.

ರಾತ್ರಿ ಹೊತ್ತು ಮನೆಯವರಿಗೆಲ್ಲ ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು. ಡಾಕ್ಟರಿಗೆ ಹೇಳಿ. ಕಜ್ಜಿಗೆ ಬೇರೆ ಔಷಧ, ಮನೆಯವರೆಲ್ಲ ಒಟ್ಟಿಗೆ ಹಚ್ಚಿಕೊಳ್ಳಬೇಕು. ಕಜ್ಜಿ ಹೋಗದೆ ಕೀವುಗುಳ್ಳೆ ಮತ್ತೆ ಮತ್ತೆ ಬರುತ್ತದೆ.

ಕೂಡಲೇ ಆಸ್ಪತ್ರೆಗೆ ಹೋಗಿ

• ಜ್ವರ ಬಂದರೆ, ಮಗು ಮಂಕಾದರೆ
• ಗಾಯದ ಸುತ್ತ ಕೆಂಪು, ಬಾವು, ನೋವು ಹಬ್ಬಿದರೆ
• ಎಳೆಗೂಸಿಗೆ ಗುಳ್ಳೆ ಎದ್ದರೆ
• ಮೂರು ದಿನ ಔಷಧ ಕೊಟ್ಟರೂ ಕಡಿಮೆ ಆಗದಿದ್ದರೆ
• ಮುಖ, ಕಾಲು ಊದಿದರೆ
• ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿದರೆ, ಕಡಿಮೆಯಾದರೆ

ಗೋಡೆಯ ಮೇಲಿನ ಗೆರೆ

ಕಥೆ ಇನ್ನೂ ಮುಗಿದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಆ ತಾಯಿ ನಮ್ಮ ಕೇಂದ್ರಕ್ಕೆ ಸೇರಿದರು. ಮೊದಲು ಅಂಕಿ ಕಲಿಸಿ ಅಂದರು. ಅಂಕಿ ಕಲಿತರು. ಆಮೇಲೆ ಅಕ್ಷರ ಕಲಿತರು.

ಮುಂದಿನ ಮಳೆಗಾಲ. ಮಗಳ ಕೈಯಲ್ಲಿ, ಕಾಲಲ್ಲಿ ಮತ್ತೆ ಗುಳ್ಳೆ. ಎರಡನೇ ದಿನವೇ ಆರೋಗ್ಯ ಕೇಂದ್ರಕ್ಕೆ ಹೋದರು. ಚೀಟಿಯಲ್ಲಿ 1 – 1 – 1 ಇತ್ತು. ಪಕ್ಕದಲ್ಲಿ 7 ಇತ್ತು. ಯಾರನ್ನೂ ಕೇಳದೆ ಓದಿದರು. ಮನೆಗೆ ಬಂದು ಇದ್ದಿಲಿನಿಂದ ಗೋಡೆಯ ಮೇಲೆ ಏಳು ಸಾಲು ಬರೆದರು. ಸೋಮವಾರ, ಮಂಗಳವಾರ ಅಂತ ತಾವೇ ಬರೆದರು. ಪ್ರತಿ ಸಾಲಿನಲ್ಲಿ ಮೂರು ಸೊನ್ನೆ. ಮಾತ್ರೆ ನುಂಗಿಸಿದ ಕೂಡಲೇ ಒಂದು ಸೊನ್ನೆಗೆ ಗೆರೆ.

ಮೂರನೇ ದಿನ ಗಾಯ ಒಣಗಿತು. ಅಜ್ಜಿ ಗೋಡೆ ನೋಡಿದರು. "ಇನ್ನೂ ಸೊನ್ನೆ ಉಳಿದವೆ ಕಣೆ. ಮಾತ್ರೆ ಕೊಡು" ಅಂದರು. ಹೌದು, ಅಜ್ಜಿಯೇ ಅಂದರು.

ಏಳನೇ ದಿನ ರಾತ್ರಿ ಕೊನೆಯ ಸೊನ್ನೆಗೆ ಗೆರೆ ಬಿತ್ತು. ಡಬ್ಬಿಯಲ್ಲಿ ಒಂದು ಮಾತ್ರೆಯೂ ಉಳಿದಿರಲಿಲ್ಲ. ತಮ್ಮನಿಗೆ ಈ ಸಲ ಅಂಟಲಿಲ್ಲ.

ಮೊನ್ನೆ ನಾದಿನಿ ಬಂದಿದ್ದರು. ಯಾರೋ ಕೊಟ್ಟ ಒಂದು ಸ್ಟ್ರಿಪ್ ಕೈಯಲ್ಲಿತ್ತು. ಮಗನಿಗೆ ಕೆಮ್ಮಂತೆ. ಆ ತಾಯಿ ಸ್ಟ್ರಿಪ್ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು.

"ಕೆಂಪು ಗೆರೆ ಐತೆ. ಚೀಟಿ ಎಲ್ಲಿ?" ಅಂತ ಕೇಳಿದರು.

ಚೀಟಿ ಇರಲಿಲ್ಲ. ಇಬ್ಬರೂ ಸೇರಿ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು.

ಹೊಸ ಪದಗಳು – ಓದಿ, ಬರೆಯಿರಿ

ಗುಳ್ಳೆ, ಹಕ್ಕಳೆ, ಕ್ರಿಮಿ, ಮಾತ್ರೆ, ಚೀಟಿ, ಅವಧಿ, ಅಳತೆ, ಮೂತ್ರಪಿಂಡ, ಆಂಟಿಬಯಾಟಿಕ್

ಲೆಕ್ಕ ಮಾಡಿ

1. ಚೀಟಿಯಲ್ಲಿ 1 – 0 – 1 ಇದೆ. 5 ದಿನಕ್ಕೆ ಒಟ್ಟು ಎಷ್ಟು ಮಾತ್ರೆ ಬೇಕು?
2. ಚೀಟಿಯಲ್ಲಿ 1 – 1 – 1 ಇದೆ, 7 ದಿನ. ಒಂದು ಸ್ಟ್ರಿಪ್ಪಿನಲ್ಲಿ 10 ಮಾತ್ರೆ. ಎರಡು ಸ್ಟ್ರಿಪ್ ಸಾಕೇ? ಇನ್ನೆಷ್ಟು ಬೇಕು?
3. ಸೋಮವಾರ ಬೆಳಿಗ್ಗೆ ಶುರು ಮಾಡಿದ ಏಳು ದಿನದ ಔಷಧ ಯಾವ ವಾರ ಮುಗಿಯುತ್ತದೆ?

ಬಿಟ್ಟ ಜಾಗ ತುಂಬಿ

1. ಸಿರಪ್ಪು ಕೊಡುವ ಮುಂಚೆ ಬಾಟಲಿಯನ್ನು ........ ಬೇಕು.
2. ಮಾತ್ರೆಯ ಸ್ಟ್ರಿಪ್ಪಿನ ಮೇಲೆ ........ ಗೆರೆ ಇದ್ದರೆ ಡಾಕ್ಟರ ಚೀಟಿ ಬೇಕು.
3. ನೆಗಡಿಗೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ........

ಮಾತಾಡೋಣ

1. ನಿಮ್ಮ ಮನೆಯ ಡಬ್ಬಿಯಲ್ಲಿ ಉಳಿದ ಮಾತ್ರೆ ಇದೆಯೇ? ಯಾಕೆ ಉಳಿಯಿತು?
2. ಮನೆಯಲ್ಲಿ ಹಿರಿಯರು ಔಷಧ ಸಾಕು ಅಂದರೆ ಅವರಿಗೆ ಜಗಳವಿಲ್ಲದೆ ಹೇಗೆ ತಿಳಿಸುತ್ತೀರಿ?
3. ನಿಮ್ಮ ಊರಿನ ಶಾಲೆಯಲ್ಲಿ, ಅಂಗನವಾಡಿಯಲ್ಲಿ ಮಕ್ಕಳು ಕೈ ಹೇಗೆ ಒರೆಸುತ್ತಾರೆ? ಹೋಗಿ ನೋಡಿ ಬನ್ನಿ.

ಮಾಡೋಣ

ನಿಮ್ಮ ಮನೆಯ ಗೋಡೆಯ ಮೇಲೆ ಅಥವಾ ಹಾಳೆಯ ಮೇಲೆ ಏಳು ವಾರದ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಮೂರು ಸೊನ್ನೆ ಹಾಕಿ. ಮುಂದಿನ ತರಗತಿಗೆ ಬಂದಾಗ ನಮಗೆ ಹೇಳಿ, ನಾವೂ ಬಂದು ನೋಡುತ್ತೇವೆ.